ಚಿಕ್ಕಪ್ಪನನ್ನು ಕರೆತರಲು ಹೋದ ಬೇಸಿಗೆ

ಆಗೆಲ್ಲ ಬೇಸಿಗೆ ರಜೆ ಎಂದರೆ ಗೇರುಬೀಜದ ಸೊನೆಗೆ ತುಟಿ ಸುಟ್ಟುಕೊಳ್ಳುವ ಕಾಲ. ಏಪ್ರಿಲ್ ಬಂತೆಂದರೆ ಕಡಬದ ನಮ್ಮ ಓಣಿಯ ಮಕ್ಕಳ ಬಾಯಿಯ ಸುತ್ತ ಕಪ್ಪು ಕಲೆ ಇದ್ದೇ ಇರುತ್ತಿತ್ತು. ಹೆಕ್ಕಿದ ಬೀಜವನ್ನು ಅಂಗಡಿಗೆ ಕೊಟ್ಟು ಐಸ್‌ಕ್ಯಾಂಡಿ ತಿನ್ನುವುದು, ಹೊಳೆಯಲ್ಲಿ ಮೈ ಒರೆಸುವ ಬೈರಾಸು ಒಡ್ಡಿ ಮೀನು ಹಿಡಿಯುವುದು, ಚಾಪೆಯ ಮೇಲಿನ ಹಲಸಿನ ಹಪ್ಪಳಕ್ಕೆ ಕಾಗೆ ಕಾಯುತ್ತೇವೆಂದು ಕೂತು ಕಾಗೆಗಿಂತ ಹೆಚ್ಚು ನಾವೇ ಹಸಿಹಸಿಯಾಗಿ ನುಂಗುವುದು. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಹಾಗೇ ಬೆಳೆದವರು, ಹೆಚ್ಚು ಹೇಳಬೇಕಾಗಿಲ್ಲ. ನನ್ನ ಆರನೇ ಕ್ಲಾಸಿನ ರಜೆಯಲ್ಲಿ ಮಾತ್ರ ಇದ್ಯಾವುದೂ ಇರಲಿಲ್ಲ. ಆ ವರ್ಷ ನಾನೂ ಅಪ್ಪನೂ ಹಿಮಾಲಯಕ್ಕೆ ಹೋದೆವು. ಸತ್ತುಹೋಗಿದ್ದ ಚಿಕ್ಕಪ್ಪನನ್ನು ಕರೆದುಕೊಂಡು ಬರಲು.

ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಮದುವೆಯಾಗಿರಲಿಲ್ಲ. ವಯರಿಂಗ್ ಕೆಲಸ ಮಾಡುತ್ತಿದ್ದ. ಬಿಡುವು ಸಿಕ್ಕರೆ ಕುಮಾರಪರ್ವತ. ಬೆಳಗ್ಗೆ ಸುಬ್ರಹ್ಮಣ್ಯದಿಂದ ಹತ್ತಿದವನು ಸಂಜೆಗೆ ಇಳಿದು ಮನೆಗೆ ಬಂದು, ಕಾಲಿಗೆ ಕಚ್ಚಿದ ಉಂಬಳಕ್ಕೆ ಉಪ್ಪು ಹಾಕಿ, ಒಣಮೀನಿನ ಚಟ್ನಿಯಲ್ಲಿ ಎರಡು ಬಟ್ಟಲು ಗಂಜಿ ಉಣ್ಣುತ್ತಿದ್ದ. ನಾನು ಅಂಗಳದಲ್ಲಿ ನಿಂತು "ಚಿಕ್ಕಪ್ಪಾ" ಎಂದು ಕೂಗಿದರೆ, ಓಣಿಯ ಯಾವ ಮನೆಯ ಮಾಡಿನ ಮೇಲೆ ಕೂತು ತಂತಿ ಎಳೆಯುತ್ತಿದ್ದರೂ "ಓಯ್" ಎನ್ನುತ್ತಿದ್ದ. ಆ "ಓಯ್" ಬಾರದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಅವನು ಮಂಗಳೂರಿನ ಕೆಲವರ ಜೊತೆ ನೇಪಾಳಕ್ಕೆ ಚಾರಣಕ್ಕೆ ಹೋದ. ಹೊರಡುವಾಗ ಅಪ್ಪ "ಜಾಗ್ರತೆ" ಎಂದದ್ದಕ್ಕೆ "ನಮ್ಮ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿಯುವವನಿಗೆ ಅದೆಂತ ಮಾರಾಯ" ಎಂದು ನಕ್ಕಿದ್ದ. ಅವನನ್ನು ಕೊಂದದ್ದು ಈ ಮಾತೇ. ಅಲ್ಲಿ ಸ್ವಲ್ಪ ಹತ್ತಿ, ನಿಂತು, ಮೈ ಒಗ್ಗಿದ ಮೇಲೆ ಮುಂದೆ ಹೋಗಬೇಕಂತೆ. ಇವನು ನಿಲ್ಲಲಿಲ್ಲ. ಜೊತೆಯವರನ್ನು ಹಿಂದೆ ಬಿಟ್ಟು ನಡೆದ. ತಲೆ ಸಿಡಿಯಲು ಶುರುವಾದಾಗ ಕೆಳಗೆ ಇಳಿಯುವ ಬದಲು, ಶೀತ ಅಂದುಕೊಂಡು, ಮನೆಯಲ್ಲಿ ಮಾಡುವ ಹಾಗೆ ಶುಂಠಿ ಕಷಾಯ ಕುಡಿದು ಕಂಬಳಿ ಹೊದ್ದು ಮಲಗಿದ. ಏಳಲಿಲ್ಲ. ಹಿಮ ಬಿದ್ದು ಹೆಲಿಕಾಪ್ಟರ್ ಬರುವಂತಿರಲಿಲ್ಲ. ಜೊತೆಯವರು ಫೋನಿನಲ್ಲಿ ಏನು ಮಾಡೋಣ ಎಂದು ಕೇಳಿದರು. ಅಪ್ಪ "ಅಲ್ಲೇ ಸುಟ್ಟುಬಿಡಿ" ಎಂದ. ಹಿಂದೆ ಅಜ್ಜಿ ನಿಂತಿದ್ದಳು.

ನಮ್ಮ ಕಡೆ ಸತ್ತವರನ್ನು ಒಳಗೆ ಕರೆಯುವ ಕ್ರಮ ಉಂಟು. ಉತ್ತರಕ್ರಿಯೆಯ ದಿನ ಮುಸ್ಸಂಜೆ ಒಳಗೆ ಎಲೆ ಹಾಕಿ, ಸತ್ತವರಿಗೆ ಇಷ್ಟದ್ದನ್ನೆಲ್ಲ ಬಡಿಸಿ, ಅಂಗಳದಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾರೆ. ಬಾ, ಒಳಗೆ ಬಾ, ಹಿರಿಯರ ಜೊತೆ ಸೇರು ಎಂದು. ಮತ್ತೆ ಬಾಗಿಲು ಮುಚ್ಚಿ, ಅವರು ಉಣ್ಣುವಷ್ಟು ಹೊತ್ತು ಎಲ್ಲರೂ ಹೊರಗೆ ಕಾಯುವುದು. ಅಜ್ಜಿ ಚಿಕ್ಕಪ್ಪನಿಗೆ ಎಲೆ ಹಾಕಲು ಬಿಡಲಿಲ್ಲ. ಹೋದಲ್ಲಿಂದ ಬಾರದವನನ್ನು ಅಂಗಳದಿಂದ ಕರೆದರೆ ಕೇಳುತ್ತದಾ ಎಂಬುದು ಅವಳ ಪ್ರಶ್ನೆ. ಅಪ್ಪನೊಡನೆ ಮಾತೂ ಬಿಟ್ಟಳು. "ನಿನ್ನ ಅಪ್ಪಂಗೆ ಉಂಬಕ್ಕೆ ಬಾಕೆ ಹೇಳ್" ಎಂದು ಊಟಕ್ಕೂ ನನ್ನ ಮೂಲಕವೇ ಕರೆಯುವಳು. ಅಪ್ಪ ಎದುರಲ್ಲೇ ಕೂತಿರುತ್ತಿದ್ದ.

ಪರೀಕ್ಷೆ ಮುಗಿದ ದಿನ ಅವಳು ಗೋಡೆಗೆ ಹೇಳಿದ ಹಾಗೆ ಹೇಳಿದಳು. "ಅಂವ ಸತ್ತಲ್ಲಿಂದಲೇ ಕರಿಯೊಕು. ದಾರಿ ಗೊತ್ತಿಲ್ಲೆ ಅವಂಗೆ. ಈ ಕೂಸು ಕರೀಲಿ. ಇವಳ ದನಿಗೆ ಅಂವ ಓ ಹೇಳದೆ ಇದ್ದದ್ದುಟ್ಟಾ?"

"ಹನ್ನೊಂದು ವರ್ಷದ ಮಗುವನ್ನು ಅಷ್ಟು ದೂರ ಕರ್ಕೊಂಡು ಹೋಗುದಾ? ನಿಮಗೆಲ್ಲ ತಲೆ ಸರಿ ಉಂಟಾ?" ಎಂದು ಅಮ್ಮ ಅತ್ತಳು. ಅಪ್ಪ ಅಜ್ಜಿಯ ಮುಖ ನೋಡಿದ. "ಕರ್ಕೊಂಡು ಬಂದರೆ ಮಾತಾಡ್ತೀಯಾ ಅವ್ವಾ?" ಎಂದು ಕೇಳಿದ. ಅಜ್ಜಿ ತಲೆಯಾಡಿಸಿದಳು. ಅಷ್ಟು ಸಾಕಾಯಿತು ಅವನಿಗೆ. ಹೊಟ್ಟೆಪಾಡಿನ ಜೀಪನ್ನು ಬೇರೆಯವರ ಕೈಗೆ ಕೊಟ್ಟು ಹೊರಟೇಬಿಟ್ಟ.

ಅಜ್ಜಿ ಕಟ್ಟಿಕೊಟ್ಟ ಗಂಟಿನಲ್ಲಿ ಕುಚ್ಚಲಕ್ಕಿ, ಒಣಮೀನು, ಒಂದು ತೆಂಗಿನಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಾಳೆಲೆ. ಒಣಮೀನಿನ ವಾಸನೆಗೆ ರೈಲಿನಲ್ಲಿ ಎದುರು ಸೀಟಿನವರು ಮೂಗು ಮುಚ್ಚಿ ಜಾಗ ಬದಲಿಸಿದರು. ಬಾಳೆಲೆ ಗಡಿ ದಾಟುವ ಮೊದಲೇ ಕಪ್ಪಾಯಿತು. ರೈಲು, ಬಸ್ಸು, ಜೀಪು ಎಲ್ಲ ಮುಗಿದು ರಸ್ತೆಯೇ ಮುಗಿದಲ್ಲಿ ಒಬ್ಬ ಶೆರ್ಪಾ ನಮಗಾಗಿ ಕಾಯುತ್ತಿದ್ದ. ಚಿಕ್ಕಪ್ಪ ಸತ್ತ ತಂಗುಮನೆಯ ಯಜಮಾನಿ ಪಾಸಾಂಗ್ ಎಂಬವಳ ಗಂಡ. ಅವನು ನಮ್ಮ ಮುಂದೆ ನಡೆಯಲು ಶುರು ಮಾಡಿದಾಗ ನಾನು ಅವನ ಕಾಲು ನೋಡಿದೆ. ಚಿಕ್ಕಪ್ಪನ ಬೂಟು. ಹೊರಡುವ ಹಿಂದಿನ ದಿನ ನಾನೇ ಪೋಣಿಸಿಕೊಟ್ಟ ಕೆಂಪು ಲೇಸು. ಅಪ್ಪನ ಅಂಗಿ ಹಿಡಿದೆಳೆದೆ. "ಕಂಡಿದೆ, ಸುಮ್ಮನಿರು" ಎಂದ.

ದಾರಿಯುದ್ದಕ್ಕೂ ನಾನು ನೋಡಿದ್ದು ಆ ಬೂಟಿನ ಹಿಮ್ಮಡಿಯನ್ನೇ. ಆದರೂ ಕೆಲವು ಕಣ್ಣಲ್ಲಿ ಉಳಿದಿವೆ. ಆಳದಲ್ಲಿ ಹಾಲಿನ ಬಣ್ಣದ ಹೊಳೆ, ಕೆಂಪು ಹೂ ಬಿಟ್ಟ ಮರಗಳು, ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳು. ಆ ಗೋಡೆ ಬಂದಾಗಲೆಲ್ಲ ಅದನ್ನು ಬಲಕ್ಕೆ ಬಿಟ್ಟು ನಡೆಯಬೇಕು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿದು ಉಪ್ಪು ಖಾರದಲ್ಲಿ ಅದ್ದಿ ತಿನ್ನುತ್ತಿದ್ದೆವು. ಚಹಾಕ್ಕೆ ಬೆಣ್ಣೆ, ಉಪ್ಪು. ಮೊದಲ ಗುಟುಕಿಗೆ ವಾಂತಿ ಬಂದಿತ್ತು. ಮತ್ತೆ ನಾನೇ ಕೇಳಿ ಕುಡಿದೆ. ಒಂದು ಹಳ್ಳಿಯಲ್ಲಿ ಹುಡುಗಿಯರು ಐದು ಕಲ್ಲು ಇಟ್ಟುಕೊಂಡು ನಮ್ಮದೇ ಕಲ್ಲಾಟ ಆಡುತ್ತಿದ್ದರು. ಕೂತೆ, ಸೋತೆ.

ಪಾಸಾಂಗ್‌ಳ ಗಂಡ ಸ್ವಲ್ಪ ಹತ್ತಿಸಿ ನಿಲ್ಲಿಸುತ್ತಿದ್ದ. ಇಡೀ ದಿನ ಒಂದೇ ಹಳ್ಳಿಯಲ್ಲಿ ಸುಮ್ಮನೆ ಕೂರಿಸುತ್ತಿದ್ದ. ಮೊದಮೊದಲು ಅಪ್ಪ ಸಿಡುಕಿದ. ಆಮೇಲೆ ಒಂದು ಬಿಡುವಿನ ದಿನ, ಬಿಸಿಲಿಗೆ ಕಲ್ಲಿನ ಮೇಲೆ ಕೂತಿದ್ದವನು ಇದ್ದಕ್ಕಿದ್ದಂತೆ "ಇಷ್ಟೇ ಮಾಡಬೇಕಿತ್ತಲ್ಲ ಮಾರಾಯ ನೀನು, ಸುಮ್ಮನೆ ಕೂತರೆ ಸಾಕಿತ್ತಲ್ಲ" ಎಂದ. ಅದು ನನಗೆ ಹೇಳಿದ್ದಲ್ಲ.

ಚಿಕ್ಕಪ್ಪ ಸತ್ತ ಹಳ್ಳಿ ಕಣಿವೆಯ ತುದಿಯಲ್ಲಿತ್ತು. ಪಾಸಾಂಗ್ ನಮ್ಮ ಅಜ್ಜಿಗಿಂತ ಸ್ವಲ್ಪ ಸಣ್ಣ ಪ್ರಾಯದವಳು. ಕೆನ್ನೆ ಚಳಿಗೆ ಒಡೆದಿತ್ತು. ಚಿಕ್ಕಪ್ಪ ಮಲಗಿದ್ದ ಮಂಚ ತೋರಿಸಿದಳು. ಕಡೆಯ ಹೊತ್ತಿನಲ್ಲಿ ಅವನ ತಲೆ ತನ್ನ ತೊಡೆಯ ಮೇಲಿತ್ತು ಎಂದಳು. ಬೂಟಿನ ವಿಷಯ ನಾವು ಕೇಳದೆಯೇ ಹೇಳಿದಳು. ಸತ್ತವನ ವಸ್ತು ಎತ್ತಿಟ್ಟರೆ ಅವನಿಗೆ ಹೋಗಲು ಮನಸ್ಸಾಗುವುದಿಲ್ಲ, ಯಾರಾದರೂ ಹಾಕಿಕೊಂಡು ನಡೆಯಬೇಕು ಎಂದು. ಅಪ್ಪ ಹಿಂದೆ ಲಾರಿಯಲ್ಲಿ ಮುಂಬಯಿಗೆ ಹೋಗುತ್ತಿದ್ದವ. ಅವನ ಹಿಂದಿ, ಅವಳ ಹಿಂದಿ ಹೇಗೋ ಒಂದಕ್ಕೊಂದು ಸಿಕ್ಕಿತು. ನನಗೆ ಅರ್ಥವಾಗದ್ದನ್ನು ಅಪ್ಪ ಹೇಳುತ್ತಿದ್ದ.

ಮರುದಿನ ಬೆಳಗ್ಗೆ ಅಪ್ಪ ಅವಳ ಒಲೆಯ ಮೇಲೆ ಕುಚ್ಚಲಕ್ಕಿ ಇಟ್ಟ. ಒಣಗಿದ ಸೆಗಣಿಯ ಬೆಂಕಿ. ನೀರು ಕೊತಕೊತ ಕುದಿಯುತ್ತಿತ್ತು, ಅಕ್ಕಿ ಬೇಯುತ್ತಿರಲಿಲ್ಲ. ಅಷ್ಟು ಎತ್ತರದಲ್ಲಿ ಬೇಯುವುದಿಲ್ಲವಂತೆ. ಅಪ್ಪ ನೀರು ಹೊಯ್ಯುವುದು, ಅಗುಳು ಹಿಸುಕಿ ನೋಡುವುದು. "ತಮ್ಮನಿಗೆ ಅರೆಬೆಂದ ಅನ್ನ ಹೇಗೆ ಬಡಿಸುದು?" ಎಂದು ಅವನ ಕಣ್ಣಲ್ಲಿ ನೀರು. ಅಷ್ಟು ಅಕ್ಕಿ ಯಾರಿಗೆ ಎಂದು ಪಾಸಾಂಗ್ ಕೇಳಿದಳು. ಅಪ್ಪ ನಮ್ಮ ಕ್ರಮ ವಿವರಿಸಿದ. ಇವಳು ಮೇಲೆ ನಿಂತು ಅವನನ್ನು ಕರೆಯುತ್ತಾಳೆ, ನಾವು ಮನೆಗೆ ಕರೆದೊಯ್ಯುತ್ತೇವೆ.

ಅವಳ ಕೈಯ ಸೌಟು ನಿಂತಿತು.

"ಕರೆಯಬೇಡಿ" ಎಂದಳು. "ನಲವತ್ತೊಂಬತ್ತು ದಿನ ದೀಪ ಹಚ್ಚಿ ಅವನನ್ನು ಕಳುಹಿಸಿದ್ದೇವೆ. ಹೋದವರ ಹೆಸರು ನಾವು ಹೇಳುವುದಿಲ್ಲ. ಹೇಳಿದರೆ ತಿರುಗಿ ನೋಡುತ್ತಾರೆ. ಆಮೇಲೆ ಬರಲೂ ಆಗುವುದಿಲ್ಲ, ಹೋಗಲೂ ಆಗುವುದಿಲ್ಲ."

"ಅಲ್ಲಿ ಅವನ ತಾಯಿ ಕಾಯುತ್ತಿದ್ದಾಳೆ" ಎಂದ ಅಪ್ಪ.

"ನಾನೂ ತಾಯಿ. ನನ್ನ ಮಗ ದೊಡ್ಡ ಬೆಟ್ಟಕ್ಕೆ ಹೊರೆ ಹೊತ್ತು ಹೋಗಿದ್ದ. ಅವನ ಹೆಸರು ನನ್ನ ಬಾಯಿಯಿಂದ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿ." ಒಲೆಗೆ ಇನ್ನೊಂದು ತುಂಡು ಸೆಗಣಿ ಇಟ್ಟಳು.

ಅವನನ್ನು ಸುಟ್ಟ ಜಾಗ ಹಳ್ಳಿಯ ಮೇಲಿನ ದಿಣ್ಣೆಯಲ್ಲಿತ್ತು. ಒಂದು ಕಲ್ಲಿನ ರಾಶಿ, ಬಣ್ಣ ಹೋದ ಬಾವುಟಗಳು, ಸುತ್ತ ಹಿಮದ ಬೆಟ್ಟ. ಅಪ್ಪ ಕಪ್ಪಾದ ಬಾಳೆಲೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಟ್ಟ. ಗಟ್ಟಿ ಅನ್ನ ಬಡಿಸಿದ, ಸುಟ್ಟ ಒಣಮೀನು ಇಟ್ಟ, ಕಾಯಿ ಒಡೆದ. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕೂಗಿ ಅಭ್ಯಾಸ ಮಾಡಿಕೊಂಡಿದ್ದೆ. ಎದೆ ತುಂಬ ಉಸಿರು ಎಳೆದುಕೊಂಡೆ. ಅಪ್ಪನ ಕೈ ಬಂದು ನನ್ನ ಬಾಯಿಯ ಮೇಲೆ ಕೂತಿತು. ಹೊಗೆಯ, ಮೀನಿನ ವಾಸನೆಯ ಕೈ.

"ಬೇಡ ಕೂಸೇ" ಎಂದ. "ಹೋಗಲಿ ಅವ."

ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಆ ಕೈಯನ್ನು ಕಚ್ಚಿದೆ. ಅವನು ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಳದಿ ಕೊಕ್ಕಿನ ಕಾಗೆಗಳು ಬಂದು ಬೇಯದ ಅಗುಳನ್ನು ಒಂದೊಂದಾಗಿ ಹೆಕ್ಕಿ ತಿಂದವು. ಅಪ್ಪ ಎಲೆಗೆ ಕೈಮುಗಿದು ಎದ್ದ. ಇಳಿಯುವಾಗ ಒಮ್ಮೆಯೂ ಹಿಂದೆ ನೋಡಲಿಲ್ಲ, ನನಗೂ ನೋಡಲು ಬಿಡಲಿಲ್ಲ.

ನಾವು ಮನೆ ಮುಟ್ಟಿದ್ದು ಮುಸ್ಸಂಜೆಗೆ. ಅಜ್ಜಿ ಬಾಗಿಲು ಪೂರ್ತಿ ತೆರೆದು, ದೀಪ ಹಚ್ಚಿ, ಒಳಗೆ ಎಲೆ ಹಾಕಿ ಕಾಯುತ್ತಿದ್ದಳು. ಕೋಳಿಸಾರಿನ ಪರಿಮಳ ಅಂಗಳದವರೆಗೆ ಬಂದಿತ್ತು. ನಮ್ಮಿಬ್ಬರ ಹಿಂದೆ, ಖಾಲಿ ದಾರಿಯ ಕಡೆ, ನೋಡಿದಳು.

"ಕೂಸೇ, ಕರ್ದೆಯಾ?"

"ನಾನೇ ಬೇಡ ಹೇಳಿದೆ ಅವ್ವಾ" ಎಂದ ಅಪ್ಪ. ಪಾಸಾಂಗ್ ಹೇಳಿದ್ದನ್ನೆಲ್ಲ ಹೇಳಿದ. ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳಿಗೆ ಮನೆ ಸರಿಯಾಗುತ್ತಿತ್ತು. ಅಪ್ಪನಿಗೆ ಅವ್ವನ ಮಾತು ವಾಪಸು ಸಿಗುತ್ತಿತ್ತು. ಆದರೆ ಕರೆದೆ ಎಂದರೆ ಅವಳು ಅಂಗಳಕ್ಕಿಳಿದು ಹೆಸರು ಹಿಡಿದು ಒಳಗೆ ಕರೆಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

"ಯಾರೋ ಒಬ್ಬಳ ಮಾತು ಕೇಳಿ ತಮ್ಮನನ್ನ ಎರಡನೇ ಸಲ ಬಿಟ್ಟು ಬಂದ್ಯಾ?" ಎಂದಳು ಅಜ್ಜಿ. ಅಪ್ಪನಿಗೆ ಅವಳು ಹೇಳಿದ ಕಡೆಯ ಮಾತು ಅದು. ಎಲೆ ಮಡಚಿದಳು.

ಮರುದಿನದಿಂದ ಅವಳೇ ಕರೆಯಲು ಶುರು ಮಾಡಿದಳು. ದೀಪ ಹಚ್ಚಿದ ಮೇಲೆ ಅಂಗಳಕ್ಕಿಳಿದು, ಬಡಗು ಯಾವುದು ತೆಂಕು ಯಾವುದು ನೋಡದೆ, ಮಗ ಬಸ್ಸು ಹತ್ತಿಹೋದ ರಸ್ತೆಯ ಕಡೆ ಮುಖ ಮಾಡಿ ಅವನ ಹೆಸರು ಕೂಗುವಳು. ಮಳೆ ಬಂದರೆ ಜಗಲಿಯಿಂದ. ಅವಳು ಹೊರಗೆ ಬಂದ ಕೂಡಲೇ ಅಪ್ಪ ಜೀಪು ಸ್ಟಾರ್ಟ್ ಮಾಡಿಕೊಂಡು ಎಲ್ಲಿಗಾದರೂ ಹೋಗುತ್ತಿದ್ದ. ನಾನು ಪುಸ್ತಕ ಹಿಡಿದು ಒಳಗೆ ಕೂತಿರುತ್ತಿದ್ದೆ. ಒಂದೊಂದು ಕೂಗಿಗೂ ಆ ಕಣಿವೆಯ ದಾರಿಯಲ್ಲಿ ಚಿಕ್ಕಪ್ಪ ನಿಂತು ಹಿಂದೆ ತಿರುಗುವುದು ಕಾಣುತ್ತಿತ್ತು. ಅಜ್ಜಿಯ ಬಾಯಿ ಮುಚ್ಚಬೇಕು ಅನಿಸುತ್ತಿತ್ತು. ಓಡಿಹೋಗಿ ಅವಳ ಜೊತೆ ನಾನೂ ಕೂಗಬೇಕು ಅಂತಲೂ ಅನಿಸುತ್ತಿತ್ತು. ಎರಡೂ ಮಾಡಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಅವಳು ತೀರಿಕೊಂಡಳು. ಅಲ್ಲಿಯವರೆಗೂ ಕರೆದಳು.

ಈಗ ಆ ಓಣಿಯಲ್ಲಿ ಗೇರುಮರ ಒಂದೂ ಇಲ್ಲ. ತುಟಿ ಸುಟ್ಟುಕೊಂಡ ಮಕ್ಕಳನ್ನು ನೋಡಿ ಕಾಲವಾಯಿತು. ಅದಕ್ಕೆಲ್ಲ ನಾನು ಅಳುವವಳಲ್ಲ. ನನಗೆ ಇನ್ನೊಬ್ಬ ಚಿಕ್ಕಪ್ಪ ಇರಲಿಲ್ಲ. ದಿಣ್ಣೆಯ ಮೇಲೆ ನುಂಗಿದ ಆ ಪದವನ್ನು ಕರೆಯಲು ಬಳಸುವ ಸಂದರ್ಭ ನನಗೆ ಮತ್ತೆ ಬರಲೇ ಇಲ್ಲ. ಅವನ ಹೆಸರನ್ನು ಇಲ್ಲಿ ಬರೆಯಲೂ ಕೈ ಬರಲಿಲ್ಲ.

ಹೋದ ವರ್ಷ ಅಪ್ಪ ಹೋದ. ಉತ್ತರಕ್ರಿಯೆಯ ದಿನ ಎಲೆ ಹಾಕಿದೆವು. ನೆಂಟರಲ್ಲಿ ಹಿರಿಯರೊಬ್ಬರು "ಆ ನಿನ್ನ ಚಿಕ್ಕಪ್ಪನನ್ನೂ ಒಟ್ಟಿಗೇ ಕರೆದುಬಿಡು ಮಗಾ, ಪಾಪ, ಎಷ್ಟು ಸಮಯ ಹೊರಗೆ" ಎಂದರು. ಬೇಡ ಎಂದು ತಲೆ ಅಲ್ಲಾಡಿಸಿದೆ. ಅಂಗಳದಲ್ಲಿ ನಿಂತು ಅಪ್ಪನನ್ನು ಮಾತ್ರ ಕರೆದೆ. "ಅಪ್ಪಾ, ಒಳಗೆ ಬಾ. ಅಜ್ಜಿ ಒಳಗೇ ಇದ್ದಾಳೆ."

ಬಾಗಿಲು ಮುಚ್ಚಿದೆವು. ಎಲ್ಲರೂ ದೂರ ಸರಿದು ಕೂತರು. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ, ಅವಳು ಅಪ್ಪನೊಡನೆ ಒಂದು ಮಾತಾದರೂ ಆಡುತ್ತಾಳೋ ಎಂದು. ತೆರೆಯುವವರೆಗೂ ನಿಂತೆ. ಏನೂ ಕೇಳಿಸಲಿಲ್ಲ.