ಕರುಳಿನ ಒಳಮೈ

ಈವತ್ತು ಮಂಡ್ಯದಲ್ಲಿ ಡಾಕ್ಟರು ನನ್ನ ಬಾಯಿಂದ ಕೊಳವೆ ಇಳಿಸಿ, ಕರುಳಿನ ಒಳಮೈಯ ಚಿತ್ರ ತೋರಿಸಿದರು. ನೆಂದ ಟವೆಲಿನಂತೆ, ಲೋಳೆಲೋಳೆ. ಥೂ, ಅದೇ ಕುರಿಯ ಬೋಟಿ!

ನಾನು ಚಿಕ್ಕವಳಿದ್ದಾಗ ಒಂದು ದಿನ ಬಸರಾಳಿನ ನಮ್ಮ ಹಿತ್ತಲಲ್ಲಿ ಅಜ್ಜಿ ಕುರಿಯ ಕರುಳನ್ನು ಕಡ್ಡಿಯಿಂದ ಒಳಗು ಹೊರಗು ಮಾಡಿ ತೊಳೆಯುತ್ತಿದ್ದಳು. ಇನ್ನೊಂದು ತುದಿ ನನ್ನ ಕೈಯಲ್ಲಿ. ಹಸಿರು ಹಿಕ್ಕೆ ಬೆರಳಿಗೆ ಮೆತ್ತುತ್ತಿತ್ತು. ನಾತಕ್ಕೆ ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡೆ.

"ಮೂಗ್ಯಾಕಮ್ಮಿ ಮುಚ್ಕತೀಯಾ? ನಿನ್ನೊಟ್ಟೇಲೂ ಇದೇ ಇರೋದು."

"ಇಲ್ಲ ಕಣಜ್ಜಿ, ನಂದು ಕಿಲೀನಾಗೈತೆ!"

ಅಂದೆನಾದರೂ ಅನುಮಾನ ಬಿಡಲಿಲ್ಲ. ನನ್ನ ಕರುಳೂ ತೊಳೆದುಹೋಗಲಿ ಎಂದು, ಬೋಟಿ ತೊಳೆಯಲು ಇಟ್ಟಿದ್ದ ಬೆಚ್ಚನೆಯ ಉಪ್ಪುನೀರನ್ನು ಒಂದು ಚೊಂಬು ಕುಡಿದೆ. ಹೊಟ್ಟೆಯಲ್ಲಿದ್ದ ಮುದ್ದೆಯೆಲ್ಲ ಅಜ್ಜಿಯ ಸೀರೆಯ ಮೇಲೆ ಬಿತ್ತು.

"ಈಗ ಕಿಲೀನಾಯ್ತೇನಮ್ಮಿ?" ಅಂದಳು ಅಜ್ಜಿ.

ಇಲ್ಲಿ ಮಂಡ್ಯದಲ್ಲಿ ಡಾಕ್ಟರು ಚಿತ್ರದ ಮೇಲೆ ಬೆರಳಿಟ್ಟು, "ಈ ಪದರದ ಜೀವಕೋಶಗಳೇ ಉಂಡದ್ದನ್ನು ಹೀರಿ ರಕ್ತಕ್ಕೆ ಕೊಡೋದು. ಚೆನ್ನಾಗಿದೆ, ಭಯಪಡಬೇಡಿ" ಎಂದರು.

ಜೀವ ಬಂದಂತಾಯಿತು. ಆದರೂ ನನ್ನ ಕೈ ಆಗಲೇ ಮೂಗು ಮುಚ್ಚಿತ್ತು.