ಅಮ್ಮನ ಸ್ಟಾಂಪಿಲ್ಲದ ದಾವೆ

ಬಂಟ್ವಾಳದ ಕೋರ್ಟಿನ ಜಗಲಿಯಲ್ಲಿ ಕಾದು ಕುಳಿತ ಆ ದಿನಗಳನ್ನು ನೆನೆದರೆ ನನಗೆ ಈಗಲೂ ಕಣ್ಣು ಎಳೆದಂತಾಗುತ್ತದೆ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಒಳಗೆ ಟೈಪು ಯಂತ್ರದ ಸದ್ದು ನಿಂತು ನಿಂತು ಕೇಳುತ್ತಿತ್ತು, ದೂರದ ಕೋರೆಯಲ್ಲಿ ಯಾರೋ ಕಲ್ಲು ಕಡಿಯುತ್ತಿರುವ ಹಾಗೆ. ಬಾಗಿಲಿಗೆ ಬಂದ ಜವಾನ ಅಮ್ಮನ ಹೆಸರನ್ನು ಮೂರು ಸಲ ಕೂಗಿದಾಗ, ತೂಕಡಿಕೆಯಲ್ಲಿದ್ದ ನನಗೆ ಅದು ಯಾರ ಹೆಸರೆಂದೇ ಹೊಳೆಯಲಿಲ್ಲ. ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಪುಂಜಾಲಕಟ್ಟೆಯಿಂದ ಒಳಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮ ಬೀಡಿ ಕಟ್ಟುತ್ತಿದ್ದಳು. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಮೂಡುಬಿದಿರೆ ಕಡೆಯ ಕೋರೆಗಳಲ್ಲಿ ಕೆಂಪುಕಲ್ಲು ಕಡಿಯುತ್ತ ಬೆಳೆದವನು. ನಾನು ಕಡಿದ ಕಲ್ಲಿಗೆ ಮೇಸ್ತ್ರಿ ದಾರ ಹಿಡಿದು ನೋಡಬೇಕಾಗಿರಲಿಲ್ಲ. ಇದನ್ನು ಈಗ ನಾನೇ ಹೇಳಬೇಕು, ಹೇಳುವ ಮೇಸ್ತ್ರಿಗಳು ಉಳಿದಿಲ್ಲ.

ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ಅಮ್ಮನ ಕುಟುಂಬದ ಗದ್ದೆಯಲ್ಲಿ ಅಮ್ಮನಿಗೆ ಪಾಲುಂಟು ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಯಜಮಾನಿಕೆ ಮಾಡುತ್ತಿದ್ದ ನನ್ನ ಸೋದರಮಾವ ಮಾತ್ರ, "ನಿನಗೂ ಈ ಮನೆಗೂ ಸಂಬಂಧ ತೀರಿದೆ" ಎಂದು ಪಾಲು ಕೇಳಲು ಹೋದ ಅವಳನ್ನು ಅಂಗಳದಿಂದಲೇ ಕಳುಹಿಸಿದರು. ಅವತ್ತು ಸಂಜೆ ಅಮ್ಮ ಬೀಡಿಯ ಎಲೆ ಕತ್ತರಿಸುತ್ತ ತನಗೆ ತಾನೇ ಎಂಬಂತೆ ಹೇಳಿದಳು: "ಗದ್ದೆ ಇರ್ಲಿ ಮಗ. ನಾನು ಆ ಮನೆಯವಳು ಹೌದೋ ಅಲ್ಲವೋ, ಅದನ್ನು ಯಾರಾದರೂ ಒಬ್ಬರು ಹೇಳ್ಲಿ."

ಹೇಳುವವರು ಕೋರ್ಟಿನವರೇ ಎಂದು ವಕೀಲರಲ್ಲಿಗೆ ಹೋದೆವು. ಪಾಲಿನ ದಾವೆಗೆ ಕೋರ್ಟು ಫೀಸು ಜಾಗದ ಬೆಲೆಯ ಮೇಲೆ ನಿಲ್ಲುತ್ತದಂತೆ. ಅವರು ಹೇಳಿದ ಮೊತ್ತಕ್ಕೆ ನಾನು ಒಂದು ವರ್ಷ ಊಟ ಬಿಟ್ಟು ಕಲ್ಲು ಕಡಿದರೂ ಸಾಲದು. ಅಷ್ಟರ ಸ್ಟಾಂಪು ಹಚ್ಚದೆ ದಾವೆ ಒಳಗೆ ಹೋಗುವುದಿಲ್ಲ.

"ಇನ್ನೊಂದು ದಾರಿ ಉಂಟು" ಎಂದರು ವಕೀಲರು. "ಪಾಪರ್ ಅರ್ಜಿ ಹಾಕುವ. ಫೀಸಿಗೆ ಗತಿ ಇಲ್ಲ ಅಂತ ಕೋರ್ಟಿಗೆ ಖಾತ್ರಿಯಾದರೆ ಸ್ಟಾಂಪಿಲ್ಲದೆ ದಾವೆ ತೆಗೆದುಕೊಳ್ತಾರೆ."

"ನಾವು ಪಾಪರ್ ಅಲ್ಲ ಸ್ವಾಮಿ. ನಾನು ದುಡಿಯುವವ."

"ಅರ್ಜಿ ನಿನ್ನದ್ದಲ್ಲ ಮಾರಾಯ, ನಿನ್ನ ಅಮ್ಮನದ್ದು. ನಿನ್ನ ಪೌರುಷ ಕೋರೆಯಲ್ಲಿ ಇರ್ಲಿ."

ಅರ್ಜಿಯ ಜೊತೆಗೆ ಅಮ್ಮನ ಸೊತ್ತಿನ ಪಟ್ಟಿ ಕೊಡಬೇಕಿತ್ತು. ವಕೀಲರ ಗುಮಾಸ್ತ ಬರೆಯುತ್ತ ಹೋದ, ಅಮ್ಮ ಕಣ್ಣು ಮುಚ್ಚಿ ಹೇಳುತ್ತ ಹೋದಳು. ಚಾಪೆ ಎರಡು. ತಾಮ್ರದ ಕೊಡಪಾನ ಒಂದು, ತಳ ತೂತು. ಬೀಡಿ ಕಟ್ಟುವ ಮೊರ. ಅವಳ ಸ್ವರ ಮೆಲ್ಲನೆ ಒಂದೊಂದೇ ವಸ್ತುವನ್ನು ಮುಟ್ಟಿ ಮುಂದೆ ಹೋಗುವಾಗ, ನೀರಿನೊಳಗೆ ಮುಳುಗಿದ ಯಾರದೋ ಮನೆಯನ್ನು ಮೇಲಿನಿಂದ ನೋಡಿದ ಹಾಗಾಯಿತು ನನಗೆ. ಅಷ್ಟು ಸ್ವಚ್ಛ, ಅಷ್ಟು ಖಾಲಿ.

"ಮತ್ತೆ?" ಎಂದು ಗುಮಾಸ್ತ ಕೇಳಿದ.

"ಮತ್ತೆ ಇವನು" ಎಂದು ನನ್ನ ಕಡೆಗೆ ಗಲ್ಲ ತೋರಿಸಿದಳು.

"ಇವನಿಗೆ ಕ್ರಯ ಕಟ್ಟಲಿಕ್ಕಾಗುದಿಲ್ಲ, ಬಿಡುವ" ಎಂದು ಅವನು ಗೆರೆ ಎಳೆದ.

ಕೆಲವು ತಿಂಗಳಾದ ಮೇಲೆ, ನಮ್ಮ ಸ್ಥಿತಿ ನೋಡಿ ವರದಿ ಬರೆಯಲು ಗ್ರಾಮಲೆಕ್ಕಿಗರು ಮನೆಗೆ ಬರುತ್ತಾರೆಂದು ತಿಳಿಯಿತು. ಅವರು ಬರುವುದು ಬಡತನವನ್ನು ನೋಡಲಿಕ್ಕೆ ಎನ್ನುವುದು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಸರಕಾರದ ಮನುಷ್ಯರೊಬ್ಬರು ನಮ್ಮ ಹೊಸ್ತಿಲು ದಾಟುವುದು ಅದೇ ಮೊದಲು. ಅವರನ್ನು ಹರಿದ ಚಾಪೆಯಲ್ಲಿ ಕೂರಿಸುವುದು ಹೇಗೆ? ಅವರು ಬರುವ ದಿನ, ಅಮ್ಮ ಬೀಡಿ ಕೊಡಲು ಡಿಪೋಗೆ ಹೋದ ಹೊತ್ತಿಗೆ ನಾನು ನೆರೆಯ ಬ್ಯಾರಿಗಳ ಮನೆಗೆ ಓಡಿದೆ. ಅವರ ಮಗ ಗಲ್ಫಿನಲ್ಲಿದ್ದ.

"ಎರಡು ಕುರ್ಚಿ ಬೇಕಿತ್ತು ಅಕ್ಕ."

"ಯಾಕೆ, ನಿನ್ನನ್ನು ನೋಡ್ಲಿಕ್ಕೆ ಹೆಣ್ಣಿನ ಕಡೆಯವರು ಬರ್ತಾರಾ?" ಎಂದು ನಗಾಡಿದರು ಆ ಮನೆಯ ಅಕ್ಕ. ಸರಕಾರದವರು ಎಂದೆ. "ಹಾಗಾದ್ರೆ ಈ ರೇಡಿಯೋ ಸಹ ಕೊಂಡುಹೋಗು. ಬರೀ ಕುರ್ಚಿ ಇಟ್ರೆ ಬೋಳು ಕಾಣ್ತದೆ."

ಲೆಕ್ಕಿಗರು ಬಂದರು. ಕುರ್ಚಿಯಲ್ಲಿ ಕೂತು ಅವಲಕ್ಕಿ ತಿಂದರು, ಎರಡು ಲೋಟ ಕಾಫಿ ಕುಡಿದರು, ರೇಡಿಯೋದಲ್ಲಿ ಹಾಡು ಮುಗಿಯುವವರೆಗೆ ಕಾದು ಎದ್ದರು. "ಮನೆ ಚಂದ ಇಟ್ಟುಕೊಂಡಿದ್ದೀರಿ" ಎಂದು ಹೊಗಳಿ, ಕಂಡದ್ದನ್ನೆಲ್ಲ ಬರೆದುಕೊಂಡು ಹೋದರು. ನನಗೆ ಎದೆಯುಬ್ಬಿತ್ತು. ಡಿಪೋದಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ನಿನ್ನ ಮಂಡೆ ಸಮ ಉಂಟಾ? ಗತಿ ಇಲ್ಲ ಅಂತ ನಾನು ಹೆಬ್ಬೆಟ್ಟು ಒತ್ತಿ ಬಂದಿದ್ದೇನೆ. ನೀನು ಇಲ್ಲಿ ರೇಡಿಯೋ ಇಟ್ಟಿದ್ದಿ!"

ವಿಚಾರಣೆಯ ದಿನ ಸೋದರಮಾವ ಹಿಂದಿನ ಬೆಂಚಿನಲ್ಲಿ ಬಿಳಿ ಅಂಗಿ ಹಾಕಿ ಕುಳಿತಿದ್ದರು. ಕುರ್ಚಿ ನಮ್ಮದಲ್ಲ ಎಂದು ಅಮ್ಮ ಹೇಳಿದಳು. ಎಲ್ಲರೂ ಹೀಗೇ ಹೇಳುವುದು ಎಂದರು, ಫೀಸು ಬಿಡಬಾರದೆಂದು ವಾದಿಸಲು ಬಂದ ಸರಕಾರಿ ವಕೀಲರು. ಆಮೇಲೆ ನನ್ನನ್ನು ಕರೆದರು. ಮನೆಯಲ್ಲಿ ಅನುಕೂಲ ಉಂಟು ಎಂದು ಕಂಡರೆ ಅರ್ಜಿ ಬೀಳುತ್ತದೆ, ಅರ್ಜಿ ಬಿದ್ದರೆ ಫೀಸು ಕಟ್ಟಬೇಕು, ಕಟ್ಟದಿದ್ದರೆ ದಾವೆ ಅಲ್ಲಿಗೇ ಮುಗಿಯಿತು ಎಂದು ನಮ್ಮ ವಕೀಲರು ಮೊದಲೇ ಎಚ್ಚರಿಸಿದ್ದರು.

"ಕುರ್ಚಿ ಎರಡು, ರೇಡಿಯೋ ಒಂದು. ನಿಮ್ಮ ಮನೆಯಲ್ಲಿ ಇದ್ದದ್ದು ಹೌದೋ?" ಎಂದು ಸರಕಾರಿ ವಕೀಲರು ಕೇಳಿದರು.

"ಹೌದು."

"ಯಾರದ್ದು?"

ಮೇಲೆ ಫ್ಯಾನು ತಿರುಗುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ಮೆಲ್ಲನೆ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಎಷ್ಟು ಹೊತ್ತು ಅದನ್ನೇ ನೋಡುತ್ತ ನಿಂತೆನೋ ತಿಳಿಯದು. ಧೂಳಿನಾಚೆ ಮಾವನ ಮುಖ ಕಾಣುತ್ತಿತ್ತು. ನನ್ನದು, ನಾನು ದುಡಿದು ತಂದದ್ದು ಎನ್ನುವ ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಈ ಜನ್ಮದಲ್ಲಿ ಅಷ್ಟು ರುಚಿಯಾದ ಸುಳ್ಳು ನನ್ನ ಬಾಯಿಗೆ ಇನ್ನೊಮ್ಮೆ ಬಂದಿಲ್ಲ.

"ನೆರೆಮನೆಯದ್ದು ಸ್ವಾಮಿ. ಕೇಳಿ ತಂದದ್ದು."

"ಯಾಕೆ?"

"ಅವರನ್ನು ಕೂರಿಸಲಿಕ್ಕೆ ನಮ್ಮಲ್ಲಿ ಏನೂ ಇರ್ಲಿಲ್ಲ."

ಕೋರ್ಟು ನಕ್ಕಿತು. ಲೆಕ್ಕಿಗರೂ ನಕ್ಕರು. ಪೀಠದಲ್ಲಿದ್ದ ಮುನ್ಸೀಫರು ಮಾತ್ರ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಡತನ ನೋಡಲು ಬಂದವರಿಗೆ ಕುರ್ಚಿಯೇ?"

"ಮನೆಗೆ ಬಂದವರಲ್ವಾ ಸ್ವಾಮಿ."

ಅವರು ಅದನ್ನೂ ಟೈಪು ಮಾಡಿಸಿದರು. ಮುಂದಿನ ತಾರೀಕಿಗೆ ಅರ್ಜಿ ಮಂಜೂರಾಯಿತು.

ಜಗಲಿಯಲ್ಲಿ ಮಾವ ಎದುರಾದರು. "ಕುರ್ಚಿ ಬೇಕಿದ್ರೆ ನನ್ನಲ್ಲಿ ಕೇಳಬಹುದಿತ್ತಲ್ಲ" ಎಂದರು, ಸುತ್ತ ಇದ್ದವರಿಗೆ ಕೇಳುವ ಹಾಗೆ. ಅಮ್ಮ ಸೆರಗು ಸರಿಮಾಡಿಕೊಂಡು, "ಕೇಳ್ಲಿಕ್ಕೇ ಬಂದದ್ದಲ್ವಾ ಅಣ್ಣ, ಇಲ್ಲಿಯವರೆಗೆ" ಎಂದು ಮೆಟ್ಟಿಲಿಳಿದಳು.

ಫೀಸು ಮಾಫಿ ಎಂದರೆ ಧರ್ಮಕ್ಕೆ ಕೊಟ್ಟದ್ದಲ್ಲ ಎನ್ನುವುದನ್ನು ವಕೀಲರು ಆಮೇಲೆ ಬಿಡಿಸಿ ಹೇಳಿದರು. ಗೆದ್ದರೆ ಸರಕಾರ ತನ್ನ ಫೀಸನ್ನು ಬರುವ ಪಾಲಿನಿಂದಲೇ ಮೊದಲು ವಸೂಲು ಮಾಡುತ್ತದೆ. ಹಾಗಾದರೆ ಅದು ದಾನವಲ್ಲ, ತೀರಿಸಬೇಕಾದ ಸಾಲ ಎಂದು ನಾನು ಎಷ್ಟೋ ದಿನಗಳ ಮೇಲೆ ನೆಟ್ಟಗೆ ಉಸಿರು ಬಿಟ್ಟೆ. ಗದ್ದೆಯನ್ನು ಮಾರಿ ಫೀಸು ಕೊಡುವ ಗತಿ ಬರಬಾರದೆಂದು ಅವತ್ತಿನಿಂದಲೇ ದಿನಕ್ಕೆ ಹತ್ತು ಕಲ್ಲು ಹೆಚ್ಚು ಕಡಿದೆ. ಎಂಬತ್ತರ ದಶಕದಲ್ಲಿ, ಬೇಡವೆನ್ನುವಷ್ಟು ತಾರೀಕುಗಳಾದ ಮೇಲೆ, ದಾವೆ ನಮ್ಮ ಕಡೆಗಾಯಿತು. ಫೀಸನ್ನು ಕೊನೆಯ ರೂಪಾಯಿಯವರೆಗೆ ನಾನೇ ಕಟ್ಟಿ ರಶೀದಿ ತಂದೆ.

ಪಾಲು ಅಳೆದುಕೊಡಲು ಕೋರ್ಟಿನ ಅಮೀನರು ಬಂದ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಕುಟುಂಬದ ಮನೆಯ ಅಂಗಳದಲ್ಲಿ ನಿಂತವರು ಒಬ್ಬರಿಗೊಬ್ಬರು ಅರ್ಧರ್ಧ ಕಾಣುತ್ತಿದ್ದರು. ಅಮೀನರು ಕಾಗದ ಓದಿದರು. ಅಮ್ಮ ಈ ಕುಟುಂಬದ ಸದಸ್ಯೆ, ಪಾಲಿಗೆ ಹಕ್ಕುಳ್ಳವಳು ಎಂಬಲ್ಲಿಗೆ ಬಂದಾಗ ಅವಳು ಕೈ ಎತ್ತಿದಳು.

"ಅದನ್ನು ಇನ್ನೊಮ್ಮೆ ಓದ್ತೀರಾ? ಸ್ವಲ್ಪ ಗಟ್ಟಿಯಾಗಿ."

ಅವರು ಓದಿದರು. ಮಾವ ಚಾವಡಿಯಲ್ಲಿ ತಲೆ ತಗ್ಗಿಸಿ ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ಅಮ್ಮ ಗದ್ದೆಯ ಕಡೆಗೆ ಹೋಗಲಿಲ್ಲ. ಮಂಜಿನೊಳಗೆ ನಡೆದು ಬಾವಿಯ ಹತ್ತಿರ ಹೋಗಿ, ತಾನೇ ಒಂದು ಕೊಡ ನೀರು ಸೇದಿ, ಬೊಗಸೆಯಲ್ಲಿ ಕುಡಿದಳು. ಆಮೇಲೆ ಯಾರನ್ನೂ ಕೇಳದೆ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋದಳು.