ಹರಿವಾಣ ಮುಟ್ಟದವಳು

ಎರಡು ವರ್ಷ ನಾನು ಇನ್ನೊಬ್ಬರ ನಾಲಿಗೆಯಾಗಿದ್ದೆ. ಮಾಸ್ತಿಕಟ್ಟೆಯ ಹತ್ತಿರ, ಅಣೆಕಟ್ಟು ಕಟ್ಟುವ ಕಾಲದಲ್ಲಿ ಎದ್ದು ಆಮೇಲೆ ಖಾಲಿ ಬಿದ್ದ ಕ್ವಾರ್ಟರ್ಸ್‌ಗಳಲ್ಲಿ ಒಂದನ್ನು ನಮ್ಮ ಕಾನ್ವೆಂಟಿನವರು ಬಾಡಿಗೆಗೆ ಹಿಡಿದು, ಇಬ್ಬರು ಸನ್ಯಾಸಿನಿಯರನ್ನು ಅಲ್ಲಿ ಕೂರಿಸಿದ್ದರು. ಒಬ್ಬರು ಕೇರಳದ ಹಿರಿಯ ಸಿಸ್ಟರ್, ಆಸ್ಪತ್ರೆಗಳಲ್ಲೇ ತಲೆ ನರೆತ ನರ್ಸು. ಅವರಿಗೆ ಕನ್ನಡ ಬಾರದು. ಇನ್ನೊಬ್ಬಳು ಸಾಗರ ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು. ನನಗೆ ಮಲಯಾಳವೂ ಬಾರದು, ನರ್ಸಿಂಗೂ ಬಾರದು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವುದು ಅವರ ಕೆಲಸ. ಅವರು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸ.

ನನಗೆ ಬೇಕಿದ್ದದ್ದು ಸಾಗರದ ನಮ್ಮ ಶಾಲೆ. ಅಲ್ಲಿನ ಮಕ್ಕಳ ಗಲಾಟೆ, ಸ್ಟಾಫ್ ರೂಮಿನ ಹರಟೆ, ಸಂಜೆ ಪೇಟೆಯ ಬೆಳಕು. ನಮ್ಮ ಮೇಲಿನ ಮದರ್ ಬಂದಾಗಲೆಲ್ಲ ಕೇಳುತ್ತಿದ್ದೆ, ಅವರು ಪ್ರತಿ ಸಲ ಒಂದೇ ಉತ್ತರ ಕೊಡುತ್ತಿದ್ದರು. ಹಿರಿಯ ಸಿಸ್ಟರ್ ನಿನ್ನ ಸಹಾಯವಿಲ್ಲದೆ ಒಂದು ಮನೆ ನಿಭಾಯಿಸುವುದನ್ನು ನಾನು ಕಣ್ಣಾರೆ ನೋಡಬೇಕು, ಅವತ್ತೇ ನಿನ್ನನ್ನು ಕರೆಸಿಕೊಳ್ಳುತ್ತೇನೆ ಅಂತ. ಅಂದರೆ ನನ್ನ ಬಿಡುಗಡೆ ಸಿಸ್ಟರ್ ಬಾಯಲ್ಲಿತ್ತು. ಆ ಬಾಯಿಂದ ಕನ್ನಡ ಹೊರಡುತ್ತಿರಲಿಲ್ಲ.

ನಾನೇನು ಸುಮ್ಮನೆ ಕೂತವಳಲ್ಲ. ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಪಾಠ. ನೋವು ಎಲ್ಲಿದೆ, ಊಟ ಆಯ್ತಾ, ಈ ಕಡೆ ತಿರುಗಿ. ಸಿಸ್ಟರ್ ಭಕ್ತಿಯಿಂದ ಹೇಳಿಕೊಂಡು, ಬೆಳಿಗ್ಗೆ ಎಲ್ಲ ಮರೆತು, ನನ್ನ ಮುಖ ನೋಡಿ ನಗುತ್ತಿದ್ದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕಲಿಯುತ್ತಿತ್ತು ಅನ್ನಿಸುತ್ತಿತ್ತು. ಪಾಠ ಮುಗಿದರೆ ಆಡಲು ಮಾತಿಲ್ಲ. ಒಂದು ಟ್ಯೂಬ್‌ಲೈಟು, ಎರಡು ಕುರ್ಚಿ, ಅಕ್ಕಪಕ್ಕ ಬಾಗಿಲು ಕಿತ್ತುಹೋದ ಮನೆಗಳ ಸಾಲು. ಹೊಸನಗರದ ಕಡೆಯ ಬಸ್ಸು ನಮ್ಮ ಗೇಟಿನ ಮುಂದೆ ನಿಲ್ಲದೆ ಹೋಗುವಾಗ, ಒಳಗೆ ಕೂತವರ ತಲೆಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ದೇವರ ಸೇವೆಗೆ ಬಂದವಳು ಹೀಗನ್ನಬಾರದು, ಆದರೆ ನನಗೆ ಅದು ಜೈಲೇ.

ನಾವು ಹೋಗುತ್ತಿದ್ದ ಮನೆಗಳಲ್ಲಿ ಒಂದು ರಸ್ತೆ ಬದಿಯ ಹೆಂಚಿನ ಮನೆ. ಮಗ ಬ್ಯಾಂಕಿನಲ್ಲಿ, ಸೊಸೆಗೆ ಮನೆಯಲ್ಲೇ ಟೈಲರಿಂಗ್. ಅತ್ತೆಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ, ಬೆನ್ನು ಹುಣ್ಣಾಗಿತ್ತು. ನಾಲಿಗೆ ಮಾತ್ರ ಚೆನ್ನಾಗಿತ್ತು. ಮೊದಲ ದಿನ ಸೊಸೆ ಗೇಟಿನಲ್ಲೇ ನಿಲ್ಲಿಸಿ, ಪಟ್ಟಿ ಕಟ್ಟಿ ಹೋಗಿ, ಪ್ರಾರ್ಥನೆ ಗೀರ್ಥನೆ ಎಲ್ಲ ಬೇಡ ಎಂದು ಹೇಳಿಯೇ ಒಳಗೆ ಬಿಟ್ಟದ್ದು. ನಾನು ಒಪ್ಪಿ ಸಿಸ್ಟರ್‌ಗೆ ತಿಳಿಸಿದೆ. ಅವರು ಆಗಲೇ ಬಿಸಿನೀರು ಎಲ್ಲಿ ಎಂದು ಕೈಸನ್ನೆ ಮಾಡುತ್ತಿದ್ದರು.

ಹುಣ್ಣು ತೊಳೆದಾದ ಮೇಲೆ ಅಜ್ಜಿ ಎಡಗೈಯಿಂದ ಎಲೆ ಅಡಿಕೆಯ ಹರಿವಾಣವನ್ನು ನಮ್ಮತ್ತ ತಳ್ಳಿದರು. ನಾನು ಕೈಮುಗಿದು, ಬಹಳ ನಾಜೂಕಾಗಿ, ನಮಗೆ ಅಭ್ಯಾಸವಿಲ್ಲ ಅಮ್ಮಾ ಎಂದೆ. ಮಾತೇನೋ ಸರಿಯಾಗೇ ಇತ್ತು. ಆದರೆ ಇಲ್ಲಿನ ಮನೆಗಳಲ್ಲಿ ಎಲೆ ಅಡಿಕೆಯ ಕವಳ ಬೇಡವೆಂದರೂ ಹರಿವಾಣದಿಂದ ಅಡಿಕೆಯ ಚೂರೊಂದನ್ನಾದರೂ ಎತ್ತಿಕೊಳ್ಳಬೇಕು, ಮುಟ್ಟದೆ ಬಿಟ್ಟರೆ ಮನೆಯನ್ನೇ ಬೇಡವೆಂದ ಹಾಗೆ. ಪೇಟೆಯ ಲೈನ್ ಮನೆಯಲ್ಲಿ ಬೆಳೆದ ನನಗೆ ಯಾರು ಹೇಳಿಕೊಟ್ಟಿದ್ದರು? ನನ್ನ ಮಾತೊಂದೂ ಅರ್ಥವಾಗದ ಸಿಸ್ಟರ್ ಅಷ್ಟರಲ್ಲಿ ಹರಿವಾಣ ಎಳೆದುಕೊಂಡು, ಪಕ್ಕದಲ್ಲಿದ್ದ ಪುಟ್ಟ ಕಬ್ಬಿಣದ ಕುಟ್ಟಾಣಿಗೆ ಎಲೆ, ಅಡಿಕೆ, ಸುಣ್ಣ ಹಾಕಿ ಟಕಟಕ ಕುಟ್ಟತೊಡಗಿದ್ದರು. ಹಲ್ಲಿಲ್ಲದ ತಮ್ಮಜ್ಜಿಗೆ ಚಿಕ್ಕಂದಿನಲ್ಲಿ ದಿನಾ ಕುಟ್ಟಿಕೊಡುತ್ತಿದ್ದರಂತೆ. ಕುಟ್ಟಿದ್ದರಲ್ಲಿ ಅರ್ಧ ಅಜ್ಜಿಯ ಬಾಯಿಗೆ, ಅರ್ಧ ತಮ್ಮ ಬಾಯಿಗೆ. ಸೊಸೆ ಮೆಷಿನ್ ನಿಲ್ಲಿಸಿ ಬಾಗಿಲಿಗೆ ಬಂದಳು. ಈಗ ಹೊರಗೆ ಹಾಕುತ್ತಾಳೆ ಎಂದುಕೊಂಡು ನಾನು ಪಟ್ಟಿಯ ಚೀಲ ಎತ್ತಿಕೊಂಡೆ. ಅಜ್ಜಿ ಆರಾಮಾಗಿ ಅಗಿಯುತ್ತಿದ್ದರು. ಸೊಸೆ ಒಂದು ಗಳಿಗೆ ನೋಡಿ ವಾಪಸ್ ಹೋದಳು.

ಅಲ್ಲಿಂದ ಅವರಿಬ್ಬರದ್ದೇ ಲೋಕ. ಸಿಸ್ಟರ್ ಹೊಗೆಸೊಪ್ಪು ಹಾಕುತ್ತಿರಲಿಲ್ಲ. ಅಜ್ಜಿ ಎಡಗೈ ಚಾಚುವರು, ಸಿಸ್ಟರ್ ತಲೆಯಾಡಿಸುವರು, ಅಜ್ಜಿ ಮುಖ ಊದಿಸುವರು, ಸಿಸ್ಟರ್ ಅದೇ ಥರ ಊದಿಸಿ ತೋರಿಸುವರು. ಕೊನೆಗೆ ಇಬ್ಬರೂ ಕೆಮ್ಮು ಬರುವಷ್ಟು ನಗುವರು. ಒಮ್ಮೆ ನಾನು ಹೊಗೆಸೊಪ್ಪಿನ ಕೆಡುಕನ್ನು ಕನ್ನಡದಲ್ಲಿ ವಿವರವಾಗಿ ತಿಳಿಸಿದೆ. ಅಜ್ಜಿ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಮಲಯಾಳದಲ್ಲಿ ಸಿಸ್ಟರ್ ಏನೋ, ತಮ್ಮೂರ ಕಥೆಯಿರಬೇಕು, ಹೇಳುವರು, ಅಜ್ಜಿ ತಮ್ಮ ಮನೆಮಾತಿನ ಕನ್ನಡದಲ್ಲಿ ಸೊಸೆಯ ದೂರು ಹೇಳುವರು, ಇಬ್ಬರೂ ಹೌದೌದು ಎಂದು ತಲೆದೂಗುವರು. ನಾನು ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಹೋದರೆ ಇಬ್ಬರೂ ನನ್ನತ್ತ ನೋಡುತ್ತಿರಲಿಲ್ಲ. ಹರಿವಾಣ ಮತ್ತೆಂದೂ ನನ್ನ ಕಡೆ ಬರಲಿಲ್ಲ. ಸೊಸೆಯ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಅವರ ನಗೆ ಕೇಳುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮದರ್ ಪರೀಕ್ಷೆಗೆ ಬಂದದ್ದು ಹೋದ ಬೇಸಿಗೆಯಲ್ಲಿ. ನಾನೇ ಆರಿಸಿ ಅವರನ್ನು ಆ ಮನೆಗೆ ಕರೆದುಕೊಂಡು ಹೋದೆ. ಬೇರೆ ಎಲ್ಲಿ ಹೋದರೂ ಸಿಸ್ಟರ್ ಬಾಯಿಬಿಡುವುದಿಲ್ಲ, ನಾನು ಇಲ್ಲೇ ಮುದುಕಿಯಾಗಬೇಕು. ಮದರ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಕಮಕ್ ಕಿಮಕ್ ಎನ್ನಬಾರದೆಂದರು. ಸಿಸ್ಟರ್ ತೊಳೆದರು, ಒರೆಸಿದರು, ಮಗ್ಗುಲು ಬದಲಿಸಿದರು, ಕುಟ್ಟಿದರು. ಕನ್ನಡದ ಒಂದೇ ಒಂದು ಪದ ಆಡಲಿಲ್ಲ. ಅಷ್ಟು ಕಲಿಸಿದ್ದೆಲ್ಲ ನೀರಿಗೆ ಹೋಯಿತಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡೆ. ಮದರ್ ಅಜ್ಜಿಯ ಹತ್ತಿರ ಬಾಗಿ, ಈ ಸಿಸ್ಟರ್ ಮಾತು ನಿಮಗೆ ತಿಳಿಯುತ್ತದೆಯೇ, ಇವರೊಬ್ಬರೇ ಬಂದರೆ ಸಾಕೇ ಎಂದು ಕೇಳಿದರು.

"ಯಂಗೆ ಅದರ ಮಾತು ತಿಳೀತಿಲ್ಲೆ. ತಿಳಿಯದೂ ಬ್ಯಾಡ," ಎಂದರು ಅಜ್ಜಿ. ಅವರ ಮನೆಮಾತಿನಲ್ಲಿ ಹೆಂಗಸರೆಲ್ಲ ‘ಅದು’. ಎಡಗೈಯನ್ನು ಮೊದಲು ಸಿಸ್ಟರ್ ಕಡೆ, ಆಮೇಲೆ ಬಾಗಿಲಲ್ಲಿದ್ದ ನನ್ನತ್ತ ಆಡಿಸಿದರು. "ಅದು ಇಲ್ಲೇ ಇರ್ಲಿ. ಈ ಮಾತಾಡ್ವದು ಬೇಕಾರೆ ಹೋಗ್ಲಿ."

ಮದರ್ ನಕ್ಕುಬಿಟ್ಟರು. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಸಾಗರಕ್ಕೆ ಬಂದುಬಿಡು ಎಂದು ಅಲ್ಲೇ ಹೇಳಿದರು. ಎರಡು ವರ್ಷ ಬೇಡಿಕೊಂಡ ಮಾತು ಕಿವಿಗೆ ಬಿತ್ತು. ಕುಣಿಯಬೇಕಿತ್ತು ನಾನು. ಕಾಲು ಬಾಗಿಲಲ್ಲೇ ನಿಂತಿತು.

ಸಿಸ್ಟರ್‌ಗೆ ಏನಾಯಿತೆಂದು ತಿಳಿಯಲಿಲ್ಲ. ಮದರ್ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಕುಟ್ಟುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ಅವತ್ತು ನಗಲಿಲ್ಲ. ಅಜ್ಜಿ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಎಡಗೈಯಿಂದ ಹರಿವಾಣವನ್ನು ಹಾಸಿಗೆಯ ಅಂಚಿನವರೆಗೆ, ನನ್ನ ಕಡೆಗೆ, ತಳ್ಳಿದರು.

"ಬಾರೇ. ಹೋಪ ಮುಂಚಾದ್ರೂ ಒಂದು ತಗ."

ನಾನು ಹಾಸಿಗೆಯ ಹತ್ತಿರ ಹೋದೆ. ಸಿಸ್ಟರ್ ಕುಟ್ಟಾಣಿಯಲ್ಲಿದ್ದದ್ದನ್ನು ಮೂರು ಪಾಲು ಮಾಡಿ ಒಂದನ್ನು ನನ್ನ ಅಂಗೈಗೆ ಹಾಕಿದರು. ಬಾಯಿಗೆ ಹಾಕಿಕೊಂಡೆ. ಸುಣ್ಣ ಸುರ್ರೆಂದಿತು, ತಲೆ ಗಿರ್ರೆಂದಿತು, ಕಣ್ಣಲ್ಲಿ ನೀರು ಬಂತು. ಬಾಯಿ ತುಂಬ ಕೆಂಪು ರಸ, ಮಾತಾಡುವ ಹಾಗಿಲ್ಲ. ಸುಣ್ಣ ಜಾಸ್ತಿಯಾಯಿತೆಂದು ಕೈಸನ್ನೆ ಮಾಡಿದೆ. ಇಬ್ಬರೂ ನಂಬಲಿಲ್ಲ. ಸಿಸ್ಟರ್ ಜರುಗಿ ಹಾಸಿಗೆಯ ಅಂಚಿನಲ್ಲಿ ನನಗೆ ಜಾಗ ಬಿಟ್ಟರು. ನಾನು ಕೂತೆ, ಅಜ್ಜಿ ನನ್ನ ಕೆಂಪು ಬಾಯಿ ನೋಡಿ, ಮೊದಲ ಸಲ ನನ್ನ ಜೊತೆ ನಕ್ಕರು. ಅಷ್ಟು ಹೊತ್ತಿಗೆ ಮದರ್ ಹೊರಗೆ ಜೀಪಿನ ಹತ್ತಿರ ನಿಂತು, ನನ್ನ ಜಾಗಕ್ಕೆ ಇನ್ನು ಯಾರನ್ನೂ ಕಳಿಸಬೇಕಾಗಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದರು.